ಮಾಜಿವಾಡೆಯಲ್ಲಿ ಚಿತ್ರದುರ್ಗ

ಠಾಣೆಯ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾದವನಿಗೆ ‘ಮಾಜಿವಾಡಾ’ ಎಂದರೆ ಅವನು ಮರುಮಾತಿಲ್ಲದೆ ಮೀಟರು ಹಾಕುತ್ತಾನೆ. ಬಂದು ಮುಟ್ಟಿದ ಮೇಲೆ ‘ಮಾಜಿವಾಡೆಯಲ್ಲಿ ಎಲ್ಲಿ?’ ಎಂದು ಕೇಳುತ್ತಾನೆ. ಅವನದೇನೂ ತಪ್ಪಿಲ್ಲ. ಮಾಜಿವಾಡೆಗಳು ಎರಡಿವೆ. ಮುಂಬಯಿಯಿಂದ ಬರುವ ಹೆದ್ದಾರಿ, ನಾಸಿಕದ ದಾರಿ, ಘೋಡಬಂದರ ರಸ್ತೆ ಇವು ಮೂರೂ ಕೂಡಿ, ಸೇತುವೆಗಳ ಮೇಲೊಂದು ಕೆಳಗೊಂದಾಗಿ ವಾಹನಗಳು ಮೊರೆಯುವ ನಾಕಾ ಒಂದು. ಅದರ ಬೆನ್ನಿಗೆ ಅಡಗಿ ಕುಳಿತ ಹಳೆಯ ಊರು ಇನ್ನೊಂದು. ಅಲ್ಲಿನ ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕು. ನಾವಿರುವುದು ಈ ಎರಡಕ್ಕೂ ಸೇರದ ಹನ್ನೊಂದು ಅಂತಸ್ತಿನ ಕಟ್ಟಡದಲ್ಲಿ. ಅಂಗಳವೆಲ್ಲ ಸಿಮೆಂಟು.

ಸಿಮೆಂಟಿನ ಮಾತು ಏಕೆ ಬಂತೆಂದರೆ, ದೀಪಾವಳಿಗೆ ಈ ನಾಡಿನ ಮಕ್ಕಳಿಗೆ ಮಣ್ಣು ಬೇಕು. ನಮ್ಮ ಕಡೆ ಪಟಾಕಿ, ಎಣ್ಣೆಸ್ನಾನ ಇದ್ದಂತೆ ಇಲ್ಲಿ ‘ಕಿಲ್ಲಾ’. ಕಲ್ಲು ಇಟ್ಟಿಗೆ ಒಟ್ಟಿ, ಕೆಸರಿನಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿ, ಮಣ್ಣು ಮೆತ್ತಿ ಕೋಟೆ ಕಟ್ಟುತ್ತಾರೆ. ಸಾಸಿವೆ ಚೆಲ್ಲಿದರೆ ನಾಲ್ಕೇ ದಿನಕ್ಕೆ ಕಾಡು ಚಿಗುರುತ್ತದೆ. ಆಮೇಲೆ ಬೆರಳುದ್ದದ ಮಣ್ಣಿನ ಬೊಂಬೆಗಳು: ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲ ಮೇಲೆ ಮಾವಳೆ ಸೈನಿಕರು, ಬುಡದಲ್ಲಿ ಗೌಳಿಗರು, ಹಸುಗಳು. ನಮ್ಮ ಸೊಸೈಟಿಯಲ್ಲಿ ಇದಕ್ಕೆ ಪಂದ್ಯವೂ ಉಂಟು. ಮಣ್ಣನ್ನು ನರ್ಸರಿಯಿಂದ ಚೀಲಕ್ಕಿಷ್ಟೆಂದು ಕೊಂಡು ತರಬೇಕು! ರಾಯಗಡ, ಪ್ರತಾಪಗಡ, ಸಿಂಧುದುರ್ಗಗಳಿಗೆ ಮಕ್ಕಳು ಮುಗಿಬೀಳುತ್ತಾರೆ. 1737ರಲ್ಲಿ ಮರಾಠರು ಪೋರ್ಚುಗೀಸರಿಂದ ಗೆದ್ದ ಕೋಟೆ ಠಾಣೆಯಲ್ಲಿಯೇ ಇದ್ದರೂ ಅದನ್ನು ಯಾರೂ ಕಟ್ಟಿದ್ದನ್ನು ನಾನು ಕಾಣೆ. ಅದು ಸೆರೆಮನೆಯಾಗಿಬಿಟ್ಟಿದೆಯಲ್ಲ!

ಈ ಸಲ ನಮ್ಮ ಮಗಳು, ಹತ್ತು ವರ್ಷದವಳು, ‘ನಾನು ಚಿತ್ರದುರ್ಗ ಕಟ್ಟುತ್ತೇನೆ’ ಎಂದಳು. ಬಿತ್ತಿದವರು ನಮ್ಮ ಅತ್ತೆ. ಬೇಸಿಗೆ ರಜೆಯಲ್ಲಿ ದುರ್ಗಕ್ಕೆ ಕರೆದೊಯ್ದು ಓಬವ್ವನ ಕಿಂಡಿ ತೋರಿಸಿದ್ದರು. ನಮ್ಮವರಿಗೆ ಸ್ವಲ್ಪ ಅಳುಕು. ‘ಹತ್ತು ಜನರ ನಡುವೆ ಇರುವವರು, ರಾಯಗಡವೇ ಇರಲಿ’ ಎಂದರು. ಅತ್ತೆ, ‘ನಿಯಮದಲ್ಲಿ ಬರೆದಿದೆಯೇನಪ್ಪ?’ ಎಂದು ಕೇಳಿದ ಮೇಲೆ ಮಾತು ಮುಗಿಯಿತು. ಏಳು ಸುತ್ತಿನ ಕೋಟೆ, ನಮ್ಮ ಮಣ್ಣು ಐದನೆಯ ಸುತ್ತಿಗೇ ತೀರಿತು. ಇನ್ನೊಂದು ಚೀಲಕ್ಕೆ ದುಡ್ಡು ಕೊಡಲು ನಾನು ಒಪ್ಪಲಿಲ್ಲ.

ಜಾಂಬಳಿ ನಾಕಾದ ಪೇಟೆಯಲ್ಲಿ ಬಣ್ಣ ಹಚ್ಚದ ಬೊಂಬೆ ಹುಡುಕಿದೆವು. ಮಾವಳೆಯರು ಬುಟ್ಟಿಗಟ್ಟಲೆ. ಒನಕೆ ಹಿಡಿದ ಹೆಂಗಸು ಎಲ್ಲಿಂದ ಬರಬೇಕು? ಕೊನೆಗೆ ತಲೆಯ ಮೇಲೆ ಗಡಿಗೆ, ಗಡಿಗೆಗೆ ಎತ್ತಿದ ಕೈ, ಇಂಥ ಒಬ್ಬ ಹಾಲು ಮಾರುವವಳನ್ನು ಮಗಳೇ ಆರಿಸಿದಳು. ಮನೆಗೆ ಬಂದು ಗರಗಸದ ಬ್ಲೇಡಿನಿಂದ ಗಡಿಗೆಯನ್ನು ಮೆಲ್ಲಗೆ ಬೇರೆ ಮಾಡಿದೆವು. ಎತ್ತಿದ ಕೈಗೆ ಅಗರಬತ್ತಿಯ ಕಡ್ಡಿಯೇ ಒನಕೆ. ಗಡಿಗೆಯನ್ನು ಕಾಲ ಬಳಿ ಇಟ್ಟೆವು. ನೀರಿಗೆ ಬಂದವಳಲ್ಲವೆ ಓಬವ್ವ!

ಬಣ್ಣದ ಕೆಲಸ ಮಾತ್ರ ಕೆಟ್ಟಿತು. ಪೋಸ್ಟರ್ ಬಣ್ಣವನ್ನು ದೋಸೆಹಿಟ್ಟಿನಂತೆ ಬಳಿದಳು. ಸೀರೆಯ ನೆರಿಗೆಗಳು ಮುಚ್ಚಿಹೋದವು. ಕಣ್ಣು ಎರಡು ಬೊಟ್ಟಾಗಿ, ವೀರವನಿತೆ ಹೊಸ ಮನೆಗೆ ಕಟ್ಟುವ ದೃಷ್ಟಿಬೊಂಬೆಯಾದಳು. ಅದೇ ಸಂಜೆ ಅಕಾಲದ ಮಳೆ ಬಂದು ಆ ಬಣ್ಣವನ್ನೂ ಕೆಳಗಿಳಿಸಿತು. ಹುಡುಗಿ ಊಟ ಬಿಟ್ಟಳು.

ನಾಲ್ಕನೆಯ ಮಹಡಿಯಲ್ಲಿ ಇಂಜಿನಿಯರಿಂಗ್ ಓದುವ ಮರಾಠಿ ಹುಡುಗನೊಬ್ಬನಿದ್ದಾನೆ. ಅವನ ಹುಚ್ಚೇ ಸಣ್ಣ ಬೊಂಬೆ: ರಕ್ಕಸರು, ರೆಕ್ಕೆಯ ಸರ್ಪಗಳು, ಕವಚ ತೊಟ್ಟ ಮಾಂತ್ರಿಕರು, ಒಂದೊಂದೂ ಒಂದಂಗುಲಕ್ಕೆ ತುಸು ಮೇಲೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರು ಇಂಥ ಬೊಂಬೆಗಳಿಗೆ ಬಣ್ಣ ಹಚ್ಚುವ ‘ಗೋಲ್ಡನ್ ಡೀಮನ್’ ಎಂಬ ಪಂದ್ಯವನ್ನು 1987ರಲ್ಲಿ ಆರಂಭಿಸಿದರಂತೆ. ಗೆದ್ದವರಿಗೆ ರಕ್ಕಸನ ಪ್ರತಿಮೆಯೇ ಬಹುಮಾನ. ನಾವು ರಕ್ಕಸರನ್ನು ಸುಡುವವರು, ಅವರು ಮನೆಗೆ ಒಯ್ಯುವವರು.

ಅವನು ಓಬವ್ವನನ್ನು ತೊಳೆದು ಒಣಗಿಸಿ ಮೊದಲು ಬರಿಯ ತಳಬಣ್ಣ ಕೊಟ್ಟ. ‘ಬಣ್ಣಕ್ಕೆ ನೀರು ಬೆರೆಸು. ದಪ್ಪನೆಯ ಒಂದು ಸಲಕ್ಕಿಂತ ತೆಳ್ಳಗೆ ಎರಡು ಸಲ’ ಎಂದ. ಸೀರೆಯ ಕೆಂಪು ಒಣಗಿದ ಮೇಲೆ, ನೀರಿನಂತಹ ಕಂದು ಬಣ್ಣವನ್ನು ಮೇಲೆ ಹರಿಸಿದರೆ ಅದು ತಾನಾಗಿ ನೆರಿಗೆಯ ಸಂದುಗಳಿಗೆ ಇಳಿದು ನೆರಳಾಯಿತು. ಕುಂಚವನ್ನು ಬಟ್ಟೆಗೆ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎಂಬಷ್ಟರಲ್ಲಿ ಸವರಿದರೆ ಉಬ್ಬುಗಳು ಮಾತ್ರ ಬೆಳಗಿದವು. ಅತ್ತೆ ಕನ್ನಡಕ ಏರಿಸಿ ನೋಡುತ್ತಿದ್ದವರು, ‘ಇದು ನಮ್ಮ ಕಿನ್ನಾಳದವರ ವಿದ್ಯೆಯೇ’ ಎಂದರು. ಪೂರ್ತಿ ಹಾಗಲ್ಲದಿದ್ದರೂ ಮಾತು ಸುಳ್ಳಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗೆ ಹುಣಿಸೆಬೀಜದ ಅಂಟಿನಿಂದ ಲೇಪ ಕೊಟ್ಟು, ಮೇಲೆ ಬಿಳಿಯ ತಳ ಹಾಕಿ, ಆಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಾರೆ. ತಳ ಗಟ್ಟಿಯಿಲ್ಲದೆ ಮೇಲಿನ ಬಣ್ಣ ನಿಲ್ಲದು.

ಕೊನೆಗೆ ಕಣ್ಣು. ಬಲಗೈಯ ಮಣಿಕಟ್ಟನ್ನು ಎಡಗೈಗೆ ಒತ್ತಿ, ಉಸಿರು ಹಿಡಿದು, ಮೊದಲು ಕಪ್ಪು ಗೆರೆ, ಅದರೊಳಗೆ ಬಿಳಿ, ಬಿಳಿಯ ನಡುವೆ ಚುಕ್ಕೆ. ಮೂರು ಸಲ ಅಳಿಸಿ ನಾಲ್ಕನೆಯ ಸಲಕ್ಕೆ ಮಗಳ ಕೈ ಕೂಡಿಬಂತು. ಓಬವ್ವ ಕಿಂಡಿಯ ಕಡೆಗೇ ನೋಡುತ್ತಿದ್ದಳು. ಮೇಲೆ ವಾರ್ನಿಷ್ ಬಿತ್ತು. ಇನ್ನು ಮಳೆಯ ಹೆದರಿಕೆಯಿಲ್ಲ.

ಹಬ್ಬದ ದಿನ ಪಕ್ಕದ ಮನೆಯ ಆಜಿ ಬಂದು ಕೋಟೆಯನ್ನು ಸುತ್ತಿ ನೋಡಿ, ‘ಮಹಾರಾಜ ಕುಠೇ?’ ಎಂದರು. ನನ್ನ ಎದೆ ಧಸಕ್ಕೆಂದಿತು. ನಮ್ಮವರು ಅಳುಕಿದ್ದು ಇದಕ್ಕೇ. ಚನ್ನಗಿರಿಯ ಕಡೆ ತವರುಮನೆಯಿರುವ ಅತ್ತೆ ತಮ್ಮ ಹರಕು ಮರಾಠಿಯಲ್ಲಿ ಹೇಳಿದರು: ಮಹಾರಾಜರ ತಂದೆ ಶಹಾಜಿರಾಜರು ಬೆಂಗಳೂರಿನ ಜಹಗೀರು ಆಳಿದವರು; 1664ರಲ್ಲಿ ಬೇಟೆಗೆ ಹೋದಾಗ ತೀರಿಕೊಂಡದ್ದು ನಮ್ಮ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ; ಸಮಾಧಿ ಅಲ್ಲಿಯೇ ಇದೆ; ಈ ಕೋಟೆಗೆ ಬಹಳ ದೂರವಿಲ್ಲ. ಆಜಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ನಮ್ಮ ಐದು ಸುತ್ತಿನ ದುರ್ಗಕ್ಕೆ ಕೈ ಮುಗಿದು, ಒಂದು ಹಣತೆ ತಂದಿಟ್ಟು ಹೋದರು.

ತೀರ್ಪುಗಾರರು ಬಂದಾಗ ಮಗಳು ಮರಾಠಿಯಲ್ಲಿಯೇ ಕತೆ ಹೇಳಿದಳು. ಕಾವಲಿನವನು ಊಟಕ್ಕೆ ಕುಳಿತದ್ದು, ನೀರಿಗೆ ಬಂದ ಹೆಂಡತಿ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡದ್ದು, ಒನಕೆ ತಂದು ನಿಂತದ್ದು. ‘ಮುಸಳ’ ಎಂಬ ಮಾತು ಕೇಳಿ ಅವರಲ್ಲೊಬ್ಬರು ಕಣ್ಣರಳಿಸಿದರು. 1779ರಲ್ಲಿ ಕೋಟೆ ಹೈದರನ ಕೈಸೇರಿತೆಂಬುದನ್ನು ಅವಳು ಹೇಳಲಿಲ್ಲ, ನಾನೂ ತಿದ್ದಲಿಲ್ಲ. ಮೊದಲ ಬಹುಮಾನ ಸುತ್ತ ನೀರು ನಿಲ್ಲಿಸಿದ ಸಿಂಧುದುರ್ಗಕ್ಕೆ ಹೋಯಿತು. ನಮಗೆ ಸಿಕ್ಕಿದ್ದು ಭಾಗವಹಿಸಿದ ಎಲ್ಲರಿಗೂ ಕೊಟ್ಟ ಸ್ಟೀಲಿನ ಡಬ್ಬಿ.

ಮಗಳು ಮುಖ ಊದಿಸಿ ಕುಳಿತಿದ್ದಾಗ ಆಜಿಯ ಮೊಮ್ಮಗಳು ತನ್ನ ರಾಯಗಡದ ಹಿರಕಣಿಯನ್ನು ಕೈಯಲ್ಲಿ ಹಿಡಿದು ಬಂದಳು. ಹಾಲು ಮಾರಲು ಕೋಟೆಗೆ ಹೋಗಿ, ಸಂಜೆ ಬಾಗಿಲು ಮುಚ್ಚಿದಾಗ ಮನೆಯಲ್ಲಿದ್ದ ಕೂಸಿಗಾಗಿ ಕಡಿದಾದ ಬಂಡೆಯನ್ನೇ ಇಳಿದ ತಾಯಿ ಹಿರಕಣಿ. ಅವಳ ಹೆಸರಿನ ಬುರುಜು ರಾಯಗಡದಲ್ಲಿದೆ. ನೋಡಿದರೆ ಅದೇ ಬೊಂಬೆ! ಅದೇ ಅಚ್ಚು, ಅದೇ ಎತ್ತಿದ ಕೈ. ಅವಳ ತಲೆಯ ಮೇಲೆ ಗಡಿಗೆ ಉಳಿದಿತ್ತು, ಇವಳ ಕೈಗೆ ಒನಕೆ ಬಂದಿತ್ತು. ಹುಡುಗಿಯರಿಬ್ಬರೂ ಪಕ್ಕಪಕ್ಕದಲ್ಲಿಟ್ಟು ನಕ್ಕದ್ದೇ ನಕ್ಕದ್ದು.

ಮಣ್ಣನ್ನು ಕುಂಡಗಳಿಗೆ ಸುರಿದಾಯಿತು. ಓಬವ್ವ ಈಗ ಪಕ್ಕದ ಮನೆಯ ಷೋಕೇಸಿನಲ್ಲಿದ್ದಾಳೆ. ಹಿರಕಣಿ ನಮ್ಮಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಸುತ್ತಿಕೊಂಡು, ನವರಾತ್ರಿಯ ಬೊಂಬೆ ಮೆಟ್ಟಿಲು ಕಾಯುತ್ತಿದ್ದಾಳೆ. ಅವಳ ಎಡಗಣ್ಣು ಸ್ವಲ್ಪ ಮೆಳ್ಳೆ. ಅಷ್ಟರೊಳಗೆ ತಿದ್ದಬೇಕೆಂದು ಮಗಳು ಮೂರು ಕೂದಲಿನ ಕುಂಚವೊಂದನ್ನು ನಾಲ್ಕನೆಯ ಮಹಡಿಯಿಂದ ಎರವಲು ತಂದಿಟ್ಟುಕೊಂಡಿದ್ದಾಳೆ.