ಟೈನ್ ದಂಡೆಯ ದೀಪ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಟೈನ್ ನದಿಯ ದಂಡೆಯ ಮೇಲಿರುವ ನ್ಯೂಕಾಸಲ್ ಒಂದು ಕಾಲಕ್ಕೆ ಕಲ್ಲಿದ್ದಲಿಗೆ ಹೆಸರಾದ ಊರು. ರೈಲು ನಿಲ್ದಾಣದಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದರೆ ಹಳೆಯ ಕಲ್ಲಿನ ಕಟ್ಟಡವೊಂದು ಸಿಗುತ್ತದೆ. 1793ರಲ್ಲಿ ಹುಟ್ಟಿದ ಸಾಹಿತ್ಯ-ವಿಜ್ಞಾನ ಸಂಘವೊಂದರ ಗ್ರಂಥಾಲಯವಿದು. ಊರಿನವರ ಬಾಯಲ್ಲಿ ‘ಲಿಟ್ ಅಂಡ್ ಫಿಲ್’. 1879ರ ಫೆಬ್ರುವರಿ 3ರಂದು ಜೋಸೆಫ್ ಸ್ವಾನ್ ಇಲ್ಲಿ ಸುಮಾರು 700 ಜನರೆದುರು ಗಾಜಿನ ಬುರುಡೆಯೊಂದನ್ನು ಬೆಳಗಿಸಿ ತೋರಿಸಿದ. ಅಮೆರಿಕದಲ್ಲಿ ಎಡಿಸನ್‌ನ ಇದ್ದಿಲ ಎಳೆಯ ಬಲ್ಬು ಗಂಟೆಗಟ್ಟಲೆ ಉರಿದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ!

ಸ್ವಾನ್ ಹುಟ್ಟಿದ್ದು 1828ರಲ್ಲಿ, ಹತ್ತಿರದ ಸಂಡರ್‌ಲ್ಯಾಂಡಿನಲ್ಲಿ. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಔಷಧಿ ಅಂಗಡಿ ಸೇರಿದವನು. ಇದ್ದಿಲಾಗಿಸಿದ ಕಾಗದದಲ್ಲಿ ವಿದ್ಯುತ್ ಹರಿಸಿದರೆ ಬೆಳಕು ಬರುತ್ತದೆಂದು 1860ರ ಹೊತ್ತಿಗೇ ಕಂಡುಕೊಂಡಿದ್ದ. ತೊಡಕು ಇದ್ದದ್ದು ಗಾಳಿಯಲ್ಲಿ. ಬುರುಡೆಯೊಳಗೆ ಆಮ್ಲಜನಕ ಉಳಿದರೆ ಇದ್ದಿಲು ಸುಟ್ಟುಹೋಗುತ್ತದೆ. 1865ರಲ್ಲಿ ಸ್ಪ್ರೆಂಗೆಲ್ ಎಂಬಾತ ಪಾದರಸದ ಪಂಪನ್ನು ರೂಪಿಸಿದ ಮೇಲೆ ಗಾಳಿಯನ್ನು ಚೆನ್ನಾಗಿ ಹೀರಿ ತೆಗೆಯುವುದು ಸಾಧ್ಯವಾಯಿತು. ಆದರೂ ಇದ್ದಿಲಿನೊಳಗೇ ಅಡಗಿದ್ದ ಅನಿಲ ಆಮೇಲೆ ಹೊರಬಂದು ದೀಪವನ್ನು ಕೆಡಿಸುತ್ತಿತ್ತು. ಸ್ವಾನ್ ಮಾಡಿದ್ದೇನು? ಪಂಪು ನಡೆಯುತ್ತಿರುವಾಗಲೇ ಇದ್ದಿಲನ್ನು ವಿದ್ಯುತ್ತಿನಿಂದ ಕಾಯಿಸಿ ಆ ಅನಿಲವನ್ನೂ ಹೊರಗಟ್ಟಿದ.

ಊರಿನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ಹೋದರೆ ಗುಡ್ಡದ ಮೇಲೆ ಉದ್ಯಮಿ ಆರ್ಮ್‌ಸ್ಟ್ರಾಂಗ್‌ನ ಕ್ರ್ಯಾಗ್‌ಸೈಡ್ ಬಂಗಲೆ. 1880ರಲ್ಲಿ ಸ್ವಾನ್ ಬಲ್ಬುಗಳು ಈ ಮನೆಯನ್ನು ಬೆಳಗಿದವು. ವಿದ್ಯುತ್ತು ಬಂದದ್ದು ಎಸ್ಟೇಟಿನ ಕೆರೆಯ ನೀರಿನಿಂದ. ಓದುವ ಕೋಣೆಯಲ್ಲಿ ಹೂದಾನಿಗಳ ಮೇಲೆ ಬಲ್ಬುಗಳನ್ನು ಕೂರಿಸಿ, ಪಾದರಸದ ಮೂಲಕ ವಿದ್ಯುತ್ ಹಾಯಿಸಿದ್ದರು. ದೀಪ ಆರಿಸಬೇಕಾದರೆ ಹೂದಾನಿಯನ್ನೇ ಎತ್ತಬೇಕು. ಮತ್ತೆ ಇಟ್ಟರೆ ಬೆಳಕು! ಈಗ ನ್ಯಾಷನಲ್ ಟ್ರಸ್ಟಿನ ವಶದಲ್ಲಿರುವ ಈ ಮನೆಗೆ 2014ರಿಂದ ಮತ್ತೆ ನೀರಿನಿಂದಲೇ ದೀಪ.

ಹಾಗಾದರೆ ಎಡಿಸನ್‌ನ ಪಾಲು ಸಣ್ಣದೇ? ಖಂಡಿತ ಅಲ್ಲ. ಸ್ವಾನ್‌ನ ಮೊದಲ ದೀಪದ ಇದ್ದಿಲ ಕಡ್ಡಿ ದಪ್ಪ; ಅದಕ್ಕೆ ಹೆಚ್ಚು ಕರೆಂಟು, ದಪ್ಪ ತಂತಿ ಬೇಕು. ಎಡಿಸನ್‌ನ ತೆಳು ಎಳೆಗೆ ರೋಧ ಹೆಚ್ಚು. ಹೀಗಾಗಿ ಒಂದು ವಿದ್ಯುತ್ ಕೇಂದ್ರದಿಂದ ಊರಿಗೆಲ್ಲ ದೀಪ ಕೊಡುವುದು ಸಾಧ್ಯವಾಯಿತು. 1883ರಲ್ಲಿ ಬ್ರಿಟನ್ನಿನಲ್ಲಿ ಇಬ್ಬರ ಕಂಪನಿಗಳೂ ಒಂದಾದವು; ಬಲ್ಬಿನ ಹೆಸರು ‘ಎಡಿಸ್ವಾನ್’!

ಬಲ್ಬು ಕಂಡುಹಿಡಿದವರು ಯಾರೆಂದು ಕೇಳಿದರೆ ಮಕ್ಕಳು ಒಂದೇ ಹೆಸರು ಹೇಳುತ್ತಾರೆ. ಪ್ರಶ್ನೆಪತ್ರಿಕೆಗೆ ಅಷ್ಟು ಸಾಕು. ವಿಜ್ಞಾನದ ಪಾಠಕ್ಕೆ ಸಾಲದು. ಪಂಪು ಮಾಡಿದವನನ್ನೂ ಸೇರಿಸಿ ಮೂರು ಹೆಸರನ್ನಾದರೂ ಹೇಳಿಕೊಡೋಣ.