ಐವತ್ತರಲ್ಲಿ ಒಂದು ಹಾಳೆ

ಕ್ರೀಡೆಯನ್ನು ಕುರಿತ ಅಚ್ಚುಚಿತ್ರಗಳನ್ನು ಕೂಡಿಡುವವರು ಬಹಳವಾಗಿ ಆಸೆಪಡುವುದು 1930ರ ದಶಕದ ಲಂಡನ್ನಿನ ಲಿನೋಕಟ್‌ಗಳಿಗೆ. ದೋಣಿಯ ಪಂದ್ಯ, ಕುದುರೆ ಓಟ, ಫುಟ್‌ಬಾಲ್, ಟೆನಿಸ್, ಮೋಟಾರ್ ಸೈಕಲ್ ರೇಸ್ ಎಲ್ಲವೂ ಇವುಗಳಲ್ಲಿವೆ. ಆಟಗಾರರಿಗೆ ಮುಖವಿಲ್ಲ, ವೇಗಕ್ಕೇ ಮೈ ಬಂದಂತಿರುತ್ತದೆ.

ಇವುಗಳ ತವರು ಪಿಮ್ಲಿಕೊದ ಗ್ರೋವ್ನರ್ ಸ್ಕೂಲ್ ಆಫ್ ಮಾಡರ್ನ್ ಆರ್ಟ್. 1925ರಲ್ಲಿ ಶುರುವಾದ ಈ ಖಾಸಗಿ ಶಾಲೆಯಲ್ಲಿ ಲಿನೋಕಟ್ ಕಲಿಸಿದವರು ಕ್ಲಾಡ್ ಫ್ಲೈಟ್. ಲಿನೋಕಟ್ ಎಂದರೆ ಲಿನೋಲಿಯಂ ಕೊರೆದು ತೆಗೆದ ಅಚ್ಚು. ಲಿನೋಲಿಯಂ ನೆಲಕ್ಕೆ ಹಾಸುವ ಸರಕು. ಅಗಸೆ ಎಣ್ಣೆಗೆ ಕಾರ್ಕ್ ಪುಡಿ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಗಟ್ಟಿ ಮಾಡಿದ್ದು. ಮರದಂತೆ ಇದಕ್ಕೆ ಎಳೆಯಿಲ್ಲ, ಉಳಿ ಬೇಕಾದ ಕಡೆ ತಿರುಗುತ್ತದೆ. ಕೊಡೆಯ ಕಡ್ಡಿಯಿಂದಲೇ ಉಳಿ ಮಾಡಿಕೊಳ್ಳುವುದನ್ನು ಫ್ಲೈಟ್ ಹೇಳಿಕೊಡುತ್ತಿದ್ದರು. ಇಂಥ ಚಿತ್ರ ಸಿನಿಮಾ ಟಿಕೆಟ್ಟಿನ ಬೆಲೆಗೆ ಸಿಗಬೇಕು, ಸಾಮಾನ್ಯರ ಮನೆಯ ಗೋಡೆ ಸೇರಬೇಕು ಎಂಬುದು ಅವರ ಹಂಬಲ. ಇಂದು ಹರಾಜಿನಲ್ಲಿ ಅವು ಹೋಗುವ ಬೆಲೆ ಸಾಮಾನ್ಯರ ಕೈಗೆಟುಕದು.

ಈ ಬಳಗದಲ್ಲಿ ಕ್ರೀಡೆಗೆ ಹೆಚ್ಚು ಒಲಿದವರು ಸಿರಿಲ್ ಪವರ್ ಮತ್ತು ಸಿಬಿಲ್ ಆ್ಯಂಡ್ರೂಸ್. ವಾಸ್ತುಶಿಲ್ಪಿಯಾಗಿದ್ದ ಪವರ್ ಮತ್ತು ಆ್ಯಂಡ್ರೂಸ್ ಹ್ಯಾಮರ್‌ಸ್ಮಿತ್‌ನಲ್ಲಿ, ಥೇಮ್ಸ್ ನದಿಗೆ ಹತ್ತಿರದಲ್ಲೇ, ಒಂದೇ ಸ್ಟುಡಿಯೋ ಹಂಚಿಕೊಂಡಿದ್ದರು. ಪವರ್ ಅವರ 1930ರ ‘ದಿ ಎಯ್ಟ್’ನಲ್ಲಿ ಹುಟ್ಟು ಹಾಕುವ ಎಂಟು ಮಂದಿಯನ್ನು ಸೇತುವೆಯ ಮೇಲೆ ನಿಂತವರ ಕಣ್ಣಿನಿಂದ ಕಾಣುತ್ತೇವೆ. ಬಾಗಿದ ಬೆನ್ನುಗಳ ಸಾಲು ಒಂದೇ ಉಸಿರಿಗೆ ಎಳೆದ ಹಾಗಿದೆ. ಆ್ಯಂಡ್ರೂಸ್ ಅವರ ‘ಸ್ಪೀಡ್‌ವೇ’ (1934) ಇನ್ನೂ ಬಿರುಸು: ಮೋಟಾರ್ ಸೈಕಲ್ ಸವಾರರು ನೋಡುವವರ ಎದೆಗೇ ನುಗ್ಗಿಬರುತ್ತಾರೆ. ಇಡೀ ಬಳಗದಲ್ಲಿ ಅದಕ್ಕೆ ಸಾಟಿಯಾದ ಚಿತ್ರಗಳು ಕಡಿಮೆ.

ಬಣ್ಣಕ್ಕೊಂದು ಹಲಗೆ ಕೊರೆಯುವುದು ಇವರ ಕ್ರಮ. ಕಪ್ಪು ಗೆರೆಯ ಹಲಗೆಯೊಂದನ್ನು ಮೊದಲು ಮಾಡಿಕೊಂಡು ಅದರೊಳಗೆ ಬಣ್ಣ ತುಂಬುವ ಹಳೆಯ ಪದ್ಧತಿಯನ್ನು ಅವರು ಬಿಟ್ಟರು. ಬಣ್ಣದ ಮೇಲೆ ಬಣ್ಣ ಕೂತಾಗ ಆಕಾರ ತಾನಾಗಿ ಮೂಡಬೇಕು. ಮಸಿ ಸವರಿದ ಹಲಗೆಯ ಮೇಲೆ ತೆಳು ಜಪಾನೀ ಕಾಗದ ಹರಡಿ, ಬೆನ್ನಿನಿಂದ ಕೈಯಲ್ಲೇ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಕೈಯ ಒತ್ತಡ ಪ್ರತಿಸಲವೂ ಒಂದೇ ಆಗಿರುವುದಿಲ್ಲ. ಒಂದು ಹಾಳೆಯಲ್ಲಿ ನೀಲಿ ದಟ್ಟ, ಇನ್ನೊಂದರಲ್ಲಿ ತುಸು ತೆಳು. ಹವ್ಯಾಸಿಯ ಸಂತೋಷವಿರುವುದು ಈ ವ್ಯತ್ಯಾಸದಲ್ಲೇ: ಅವೇ ಹಲಗೆಗಳ ಮಕ್ಕಳಾದರೂ ಪ್ರತಿ ಹಾಳೆಯ ಮೈಬಣ್ಣ ಬೇರೆ.

ಒಂದು ಚಿತ್ರಕ್ಕೆ ಸಾಮಾನ್ಯವಾಗಿ 50 ಇಲ್ಲವೇ 60 ಪ್ರತಿ. ಪೆನ್ಸಿಲ್ಲಿನಲ್ಲಿ ಸಹಿ, ಹೆಸರು, ಸಂಖ್ಯೆ. 12/50 ಎಂದರೆ ಐವತ್ತರಲ್ಲಿ ಹನ್ನೆರಡನೆಯದು. ಸಂಖ್ಯೆ ಸಣ್ಣದಾದಷ್ಟೂ ಪ್ರತಿ ಉತ್ತಮ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಎಲ್ಲ ಪ್ರತಿಗಳನ್ನೂ ಒಮ್ಮೆಲೇ ತೆಗೆಯದೆ, ಬೇಡಿಕೆ ಬಂದಂತೆ ಅಚ್ಚು ತೆಗೆಯುವುದೂ ಇತ್ತು. ಸಂಖ್ಯೆಗಿಂತ ಬಣ್ಣದ ತಾಜಾತನ, ಕತ್ತರಿಸದ ಅಂಚು, ಕಲೆಯಿಲ್ಲದ ಕಾಗದ ಮುಖ್ಯ. ಯಾವ ಚಿತ್ರ, ಯಾವ ವರ್ಷ, ಎಷ್ಟು ಪ್ರತಿ ಎಂಬ ವಿವರಕ್ಕೆ ಎಲ್ಲರೂ ನೆಚ್ಚುವುದು ಸ್ಟೀಫನ್ ಕೊಪೆಲ್ ಅವರ 1995ರ ಗ್ರಂಥವನ್ನು.

ಬಿಸಿಲು ಈ ಹಾಳೆಗಳ ಶತ್ರು. ಆಮ್ಲರಹಿತ ರಟ್ಟು, ಅತಿನೇರಳೆ ಕಿರಣ ತಡೆಯುವ ಗಾಜು, ಕಿಟಕಿಗೆ ಎದುರಾಗದ ಗೋಡೆ ಬೇಕು. ಸೆಲ್ಲೊ ಟೇಪ್ ಎಂದಿಗೂ ತಾಗಬಾರದು. ಗೋಧಿಯ ಗಂಜಿ ಹಚ್ಚಿದ ಜಪಾನೀ ಕಾಗದದ ಪಟ್ಟಿಯಾದರೆ ಬೇಕೆಂದಾಗ ಒದ್ದೆ ಮಾಡಿ ಬಿಡಿಸಬಹುದು.

ಕೊಳ್ಳಲಾಗದವರಿಗೂ ಈ ಚಿತ್ರಗಳು ಸಿಗುತ್ತವೆ. ಆ್ಯಂಡ್ರೂಸ್ 1947ರಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದರು. ಅವರ ಕೃತಿಗಳ ದೊಡ್ಡ ಸಂಗ್ರಹ ಕ್ಯಾಲ್ಗರಿಯ ಗ್ಲೆನ್‌ಬೋ ಮ್ಯೂಸಿಯಂನಲ್ಲಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಅಚ್ಚುಚಿತ್ರಗಳ ಅಧ್ಯಯನ ಕೊಠಡಿಯಲ್ಲಿ ಮೇಜಿನ ಮೇಲೆ, ಗಾಜಿನ ತಡೆಯಿಲ್ಲದೆ, ಹಾಳೆಯನ್ನು ಹತ್ತಿರದಿಂದ ನೋಡಬಹುದು.