ಶಿಶುಚಿಕಿತ್ಸೆಯಲ್ಲಿ ತಾಯಿಯ ಸ್ಥಾನ

ಮಗು ಬೇನೆಬಿದ್ದಾಗ ಅದರ ತಲೆದೆಸೆಯಲ್ಲಿ ತಾಯಿ ಕುಳಿತಿರಬೇಕೆಂಬುದು ಕನ್ನಡ ನಾಡಿನವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಮಂಚದ ಮೇಲೆ ಕೂಸು, ಪಕ್ಕದಲ್ಲಿ ಚಾಪೆ ಹಾಸಿದ ತಾಯಿ, ಬಾಗಿಲ ಹೊರಗೆ ಬುತ್ತಿ ಹಿಡಿದ ಅಜ್ಜಿ: ಜಿಲ್ಲಾ ಆಸ್ಪತ್ರೆಗಳಲ್ಲಿ ಈ ನೋಟ ಕಾಣದವರಾರು? ಆದರೆ ವಿಜ್ಞಾನದಲ್ಲಿ ಮುಂದುವರಿದ ಆಂಗ್ಲದೇಶವು ಇದನ್ನು ಮರೆತು, ಬಹುಕಷ್ಟದಿಂದ ಮರಳಿ ಕಲಿಯಬೇಕಾಯಿತು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಯ ಅನೇಕ ಆಸ್ಪತ್ರೆಗಳು ತಂದೆತಾಯಿಗಳಿಗೆ ವಾರದಲ್ಲಿ ಒಂದೆರಡು ಗಂಟೆ ಮಾತ್ರ ಪ್ರವೇಶ ಕೊಡುತ್ತಿದ್ದವು. ಕೆಲವೆಡೆ ನಿದ್ರಿಸುವ ಮಗುವನ್ನು ನೋಡಿ ಹಿಂದಿರುಗಬೇಕಾಗಿತ್ತು. ಇದು ಕ್ರೌರ್ಯದಿಂದ ಹುಟ್ಟಿದ ನಿಯಮವಲ್ಲ. ಹೊರಗಿನವರು ಸೋಂಕು ತರುವರೆಂಬ ಭಯವಿತ್ತು. ಇನ್ನೊಂದು ಕಾರಣವನ್ನೂ ಹೇಳುತ್ತಿದ್ದರು: ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ; ಆದುದರಿಂದ ಬಾರದಿರುವುದೇ ಮೇಲು. ತರ್ಕಶಾಸ್ತ್ರ ಓದಿದವರು ಇಲ್ಲಿಯ ಹೇತ್ವಾಭಾಸವನ್ನು ಥಟ್ಟನೆ ಕಾಣಬಲ್ಲರು. ಆಸ್ಪತ್ರೆಗಳಿಗೆ ಅದು ಕಾಣಲು ದಶಕಗಳು ಹಿಡಿದವು. ನ್ಯೂಕಾಸಲ್ ನಗರದ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1925ರಷ್ಟು ಹಿಂದೆಯೇ ಶಿಶುಗಳೊಡನೆ ತಾಯಂದಿರನ್ನೂ ಆಸ್ಪತ್ರೆಯಲ್ಲಿರಿಸಿಕೊಂಡರಾದರೂ ಅವರನ್ನು ಅನುಸರಿಸಿದವರು ವಿರಳ.

ದೋಷವನ್ನು ಲೋಕಕ್ಕೆ ತೋರಿಸಿದವರು ವೈದ್ಯರಲ್ಲ, ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜಕಾರ್ಯಕರ್ತರು. 1948ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಜಾನ್ ಬೌಲ್ಬಿಯವರ ಬಳಿ ಸೇರಿದ ಅವರು ವಾರ್ಡುಗಳಲ್ಲಿ ಕುಳಿತು ಮಕ್ಕಳನ್ನು ನೋಡತೊಡಗಿದರು. ತಾಯಿಯನ್ನಗಲಿದ ಕೂಸು ಮೊದಲು ಅತ್ತು ರಂಪಮಾಡುತ್ತದೆ. ಬಳಿಕ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಯಾರು ಎತ್ತಿಕೊಂಡರೂ ನಗುತ್ತದೆ, ತಾಯಿ ಬಂದಾಗಲೋ ಮುಖ ತಿರುಗಿಸುತ್ತದೆ. ಈ ಎರಡನೆಯ, ಮೂರನೆಯ ಅವಸ್ಥೆಗಳನ್ನೇ ಆಸ್ಪತ್ರೆಯವರು ‘ಹೊಂದಿಕೊಂಡಿದೆ’ ಎಂದು ಬಗೆದಿದ್ದರು. (ವಿದ್ಯಾರ್ಥಿನಿಲಯಗಳನ್ನು ನಡೆಸುವವರು ಈ ಮಾತಿನ ಬಳಿ ಕ್ಷಣಕಾಲ ನಿಲ್ಲಬೇಕು. ಪ್ರಸಾದನಿಲಯಕ್ಕೆ ಬಂದ ಎಳೆಯ ಹುಡುಗ ಎಂಟು ದಿನ ಅತ್ತು ಒಂಬತ್ತನೆಯ ದಿನ ಸುಮ್ಮನಾದರೆ, ಅದು ಸಮಾಧಾನವೋ ನಿರಾಶೆಯೋ ಎಂದು ಹತ್ತಿರ ಕುಳಿತು ವಿಚಾರಿಸುವವರು ಬೇಕು.)

1952ರಲ್ಲಿ ರಾಬರ್ಟ್‌ಸನ್ನರು ಹೊಕ್ಕುಳ ಅಂಡವಾಯುವಿನ ಶಸ್ತ್ರಚಿಕಿತ್ಸೆಗೆ ಬಂದ ಎರಡೂವರೆ ವರ್ಷದೊಳಗಿನ ಬಾಲೆಯೊಬ್ಬಳ ಎಂಟು ದಿನಗಳನ್ನು ಚಲಚ್ಚಿತ್ರದಲ್ಲಿ ಹಿಡಿದರು. ಬೇಕಾದುದನ್ನಷ್ಟೇ ಆರಿಸಿದರೆಂಬ ಆಕ್ಷೇಪ ಬಾರದಂತೆ ವಾರ್ಡಿನ ಗಡಿಯಾರವೂ ಚಿತ್ರದಲ್ಲಿ ಕಾಣುವಂತೆ ನೋಡಿಕೊಂಡರು. ಆದರೂ ವೈದ್ಯರ ಸಭೆ ಕೆರಳಿತು. ಆ ಬಾಲೆ ಹೆಚ್ಚು ಅಳಲಿಲ್ಲ; ಅಳುವನ್ನು ನುಂಗಿಕೊಂಡ ಆ ಪುಟ್ಟ ಮುಖವೇ ನೋಡಿದವರನ್ನು ಕಲಕಿತು. 1959ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್‌ರ ಸಮಿತಿಯು ತಂದೆತಾಯಿಗಳಿಗೆ ಪ್ರವೇಶ ಮುಕ್ತವಾಗಿರಬೇಕು, ಎಳೆಯ ಮಕ್ಕಳ ತಾಯಂದಿರಿಗೆ ಉಳಿದುಕೊಳ್ಳಲು ಅವಕಾಶವಿರಬೇಕು ಎಂದು ಸರ್ಕಾರಕ್ಕೆ ವರದಿಯಿತ್ತಿತು.

ಭಾರತದಲ್ಲಿ ಸಾಮಾನ್ಯ ವಾರ್ಡಿನಿಂದ ತಾಯಿಯನ್ನು ಯಾರೂ ಹೊರಗಟ್ಟಲಿಲ್ಲ. ಆದರೆ ನವಜಾತ ಶಿಶುಗಳ ತೀವ್ರನಿಗಾ ಘಟಕಗಳು ಬಂದಾಗ ಗಾಜಿನ ಬಾಗಿಲೂ ಬಂದಿತು, ಹೆತ್ತವಳು ‘ಸಂದರ್ಶಕಿ’ಯಾದಳು. ಈ ಪದಪ್ರಯೋಗವು ಭಾಷೆಗೂ ಅಪಚಾರವೇ ಸರಿ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗಾರ್ ರೇ ಎಂಬ ವೈದ್ಯರು ಶಿಶುಪೆಟ್ಟಿಗೆಗಳು ಸಾಲದೆ, ಕಡಿಮೆ ತೂಕದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಗುಲುವಂತೆ ಕಟ್ಟಿಸಿದರು. ಈ ‘ಕಾಂಗರೂ’ ಪದ್ಧತಿಯನ್ನು ಕೊಪ್ಪಳ ಜಿಲ್ಲೆಯಲ್ಲಿಯೂ ಆಸ್ಪತ್ರೆಯಿಂದ ಮನೆಯವರೆಗೆ ಮುಟ್ಟಿಸುವ ಪ್ರಯತ್ನ ನಡೆದಿದೆ. ಕುಟುಂಬದವರನ್ನು ಘಟಕದೊಳಗೆ ಕರೆದು ಆರೈಕೆ ಕಲಿಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿತು.

2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಆಫ್ರಿಕದ ನಾಲ್ಕು ಕೇಂದ್ರಗಳೂ ಸೇರಿ 3211 ಶಿಶುಗಳನ್ನು ಪರೀಕ್ಷಿಸಿದವು. ಸ್ಥಿತಿ ಸುಧಾರಿಸಲೆಂದು ಕಾಯದೆ ಹುಟ್ಟಿದೊಡನೆ ಎದೆಗೊತ್ತಿಕೊಂಡ ಶಿಶುಗಳಲ್ಲಿ 28 ದಿನಗಳೊಳಗೆ ಸತ್ತವು ನೂರಕ್ಕೆ 12. ಸುಧಾರಿಸಿದ ಮೇಲಷ್ಟೇ ಆ ಆರೈಕೆ ಪಡೆದವುಗಳಲ್ಲಿ ಸುಮಾರು 16. ಇದಕ್ಕೆ ಬೇಕಾದುದು ಘಟಕದೊಳಗೇ ಬಾಣಂತಿಗೊಂದು ಮಂಚ, ಅಲ್ಲಿಯೇ ಅವಳ ಶುಶ್ರೂಷೆ. ದಾನಿಗಳು ಕೊಟ್ಟ ಯಂತ್ರಗಳ ಮೇಲೆ ಹೆಸರಿನ ಫಲಕ ಹೊಳೆಯುತ್ತಿರುತ್ತದೆ. ಅಂಥ ಮಂಚಕ್ಕೂ, ಬಚ್ಚಲಿಗೂ, ಎರಡು ಹೊತ್ತಿನ ಬಿಸಿಯೂಟಕ್ಕೂ ಕೊಡುವವರನ್ನು ಇನ್ನೂ ಹುಡುಕಬೇಕಾಗಿದೆ.